ತಗಡಿನೊಳಗಿನ ಎರಡು ಚುಕ್ಕೆ

ಬೆಳಗಿನ ಐದೂವರೆ. ಸಕಾಯಿ ಊರಿನ ಈ ಓಣಿಯಲ್ಲಿ ಟೋಫು ಅಂಗಡಿಯವರನ್ನು ಬಿಟ್ಟರೆ ಎದ್ದಿರುವವರು ಕುರಾತಾನಿ ಶಿಗೆಯೊ ಒಬ್ಬರೇ. ಎಂಬತ್ತೆರಡರ ಈ ಹಿರಿಯರು ದೀಪದಡಿ ಬಗ್ಗಿ, ಅಂಗೈಯಗಲದ ಡಿರೈಲರ್ ಒಂದಕ್ಕೆ ಡ್ರಿಲ್ ಹಿಡಿದಿದ್ದಾರೆ. ಸೈಕಲ್ಲಿನ ಹಿಂದಿನ ಚಕ್ರದ ಬಳಿ ನೇತಾಡುತ್ತ, ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ದಾಟಿಸುವ ಸಾಧನ ಅದು. ಐವತ್ತು ವರ್ಷಗಳ ಹಿಂದೆ ಅದರ ನಕ್ಷೆ ಬರೆದವರು ಇವರೇ. ಮೇಲೆ ಕೊರೆದಿರುವುದು ಮಾತ್ರ ಕಂಪನಿಯ ಹೆಸರು.

"ಸ್ಪ್ರಿಂಗಿಗೆ ಕೆಸರು ತಾಗ್ಬಾರ್ದು ಅಂತ ಎರಡು ತಗಡಿನ ಮಧ್ಯೆ ಬಚ್ಚಿಟ್ಟೆ. ನಾಲ್ಕು ಮೂಲೆಗೂ ರಿವೆಟ್, ಹೊಡೆದ್ರೆ ಮತ್ತೆ ಬಿಚ್ಚೋಕೆ ಬರಲ್ಲ, ಕೊರೆದೇ ಕೀಳ್ಬೇಕು. ಒಂದಾದ್ರೂ ಸ್ಕ್ರೂ ಹಾಕ್ಬಾರ್ದಿತ್ತಾ? ಪ್ರಾಯದ ಜಂಬ ಕಣ್ರೀ. ನಂದು ಕೆಡೋದೇ ಇಲ್ಲ ಅಂದ್ಕೊಂಡಿದ್ದೆ," ಎನ್ನುತ್ತಾರೆ, ಪತ್ರಿಕೆಗೆ ಬರೆಯಲು ಬಂದ ನನ್ನೊಡನೆ.

ಕೆಟ್ಟಿತು. ಆರುನೂರು ತಯಾರಾದವು, ಮರುವರ್ಷವೇ ಕಾರ್ಖಾನೆಗೆ ಬೀಗ ಬಿತ್ತು. ಈಗ ಅಪರೂಪದ ವಸ್ತುವೆಂದು ಜನ ಮುಗಿಬೀಳುತ್ತಾರೆ. ರಿಪೇರಿ ಗೊತ್ತಿರುವುದು ಇವರೊಬ್ಬರಿಗೆ. ವರ್ಷಕ್ಕೆ ನಾಲ್ಕೈದು ಬರುತ್ತವೆ. ಮೂರು ರಿವೆಟ್ ಕಿತ್ತರೆ ತಗಡು ನಾಲ್ಕನೆಯದರ ಮೇಲೆ ತಿರುಗಿ ತೆರೆದುಕೊಳ್ಳುತ್ತದೆ.

ಅಂದು ರಿವೆಟ್ ಹೊಡೆದು ಜೋಡಿಸುತ್ತಿದ್ದವರು ಹದಿನೆಂಟು ಹೆಂಗಸರು. ಯಾರ ಕೆಲಸವೆಂದು ತಿಳಿಯಲು ಒಳತಗಡಿನ ಮೇಲೆ ತಂತಮ್ಮ ಗುರುತು ಒತ್ತಬೇಕಿತ್ತು. ಅವರಲ್ಲಿ ಫುಮಿಯೆ ಎಂಬಾಕೆಯದು ಎರಡು ಚುಕ್ಕೆ. ಮುಂದೆ ಆಕೆ ಕುರಾತಾನಿಯವರ ಕೈ ಹಿಡಿದರು. ತೀರಿಕೊಂಡು ಒಂಬತ್ತು ವರ್ಷ. ಅಂದಿನಿಂದ ಇವರು ನಲವತ್ತೊಂದು ಡಿರೈಲರ್ ಬಿಚ್ಚಿದ್ದಾರೆ. ಪ್ರತಿ ಸಲವೂ ಮೊದಲು ನೋಡುವುದು ಆ ಚುಕ್ಕೆಗಳಿಗಾಗಿ. ಒಮ್ಮೆಯೂ ಸಿಕ್ಕಿಲ್ಲ.

ಇಂದಿನದು ನಲವತ್ತೆರಡನೆಯದು. ತಗಡು ತಿರುಗುತ್ತದೆ. ಅವರ ಕೈ ನಿಲ್ಲುತ್ತದೆ. ನಾನು ಇಣುಕುತ್ತೇನೆ: ಎರಡು ಚುಕ್ಕೆ.

"ಮೂರು ಕಿತ್ಬಿಟ್ನಲ್ರೀ," ಎನ್ನುತ್ತಾರೆ. "ಅವಳು ಹೊಡೆದಿದ್ದು."

ಕಪಾಟಿನಲ್ಲಿ ಅಂಥದ್ದೇ ಇನ್ನೊಂದು ಡಿರೈಲರ್ ಇದೆ. ನನಗೆ ಬಾಯಿ ತಡೆಯುವುದಿಲ್ಲ. "ಇದನ್ನ ಇಟ್ಕೊಂಡು ಸೈಕಲ್ಲಿನವರಿಗೆ ಅದನ್ನ ಕೊಟ್ಬಿಡಿ. ಯಾರಿಗೆ ಗೊತ್ತಾಗುತ್ತೆ?"

"ಪೇಪರ್‌ನವರ ಬಾಯಿ ಸುಮ್ನಿರುತ್ತಾ?" ಎಂದು ನಗುತ್ತಾರೆ. ಕಣ್ಣು ನಗುವುದಿಲ್ಲ. ಫುಮಿಯೆಯ ಪಟದ ಮುಂದೆ ಅದನ್ನಿಟ್ಟು, ಎರಡು ಲೋಟ ಚಹಾ ಬಗ್ಗಿಸುತ್ತಾರೆ. ನನಗೊಂದು ಎಂದುಕೊಂಡೆ, ಅಲ್ಲ, ಅದು ಅವರಿಗೂ ಆಕೆಗೂ. ಅಲ್ಲಿ ಕೂತಿರಲು ನನಗೆ ನಾಚಿಕೆಯಾಗುತ್ತದೆ.

ಏಳಕ್ಕೆ ಗುಡ್ಡದ ಶಾಲೆಯ ಅಡುಗೆಯಾಕೆ ಹೊಸೊಮಿ ಸೈಕಲ್ಲು ತಳ್ಳಿಕೊಂಡು ಬರುತ್ತಾರೆ. ಸೈಕಲ್ಲು ಅವರ ಅಪ್ಪನದು. "ಆಯ್ತಾ ತಾತಾ? ಗೇರಿಲ್ದೆ ಮೂರು ದಿನದಿಂದ ತಳ್ಕೊಂಡು ಗುಡ್ಡ ಹತ್ತಿ ಕಾಲು ಬಿದ್ಹೋಯ್ತು!"

"ಸೊಂಟ ಕರಗಿರುತ್ತೆ ಬಿಡಮ್ಮ."

"ನಿಮ್ಮ ನಾಲಿಗೆಗೂ ಒಂದು ರಿವೆಟ್ ಹೊಡೀಬೇಕು!"

ಕುರಾತಾನಿ ಆಗಲೇ ಸರಿಪಡಿಸಿಟ್ಟಿದ್ದ ಅದೇ ಡಿರೈಲರನ್ನು ತಂದು ಕೂರಿಸುತ್ತಾರೆ. ಚುಕ್ಕೆಗಳ ಮಾತೆತ್ತುವುದಿಲ್ಲ. ಸೈಕಲ್ಲು ತಿರುವಿನಲ್ಲಿ ಮರೆಯಾಗುವವರೆಗೂ ಬಾಗಿಲಲ್ಲೇ ನಿಲ್ಲುತ್ತಾರೆ.

"ಒಂಬತ್ತು ವರ್ಷ ಹುಡುಕಿ, ಒಂದು ಹೊತ್ತೂ ಇಟ್ಕೊಳ್ಳಲಿಲ್ವಲ್ಲ," ಎನ್ನುತ್ತೇನೆ. ನನಗೇ ಸಂಕಟ.

"ಅವಳು ಜೋಡಿಸಿದ್ದು ಸೈಕಲ್ಲು ಓಡ್ಲಿ ಅಂತ. ಕಿತ್ತ ಮೂರಕ್ಕೂ ಸ್ಕ್ರೂ ಹಾಕಿದ್ದೀನಿ, ಇನ್ಮೇಲೆ ನಾನಿಲ್ದಿದ್ರೂ ಬಿಚ್ಬಹುದು. ನಾಲ್ಕನೇದು ಮುಟ್ಟಿಲ್ಲ." ಹೆಬ್ಬೆರಳಿನಿಂದ ಮೇಜಿನ ಅಂಚು ಒತ್ತುತ್ತಾರೆ. "ಐವತ್ತು ವರ್ಷ ಆಯ್ತು. ಅವಳ ರಿವೆಟ್ಟು ಒಂದು ಕೂದಲೆಳೆ ಅಲ್ಲಾಡಿಲ್ಲ."