ಎತ್ತಿ ಕುಡಿಯುವವರು

ಅನ್ನ ಬಸಿಯುತ್ತಿದ್ದೆ. ಶನಿವಾರದ ಗಂಜಿಯನ್ನು ಚೆಲ್ಲುವ ಪದ್ಧತಿ ನಮ್ಮಲ್ಲಿರಲಿಲ್ಲ. ಯಜಮಾನರ ಅಂಗಿಗಳಿಗೆಂದು ಬೇರೆ ಪಾತ್ರೆಗೆ ಹಿಡಿದಿಡುತ್ತಿದ್ದೆ. ಅವರು ವಿಶ್ವವಿದ್ಯಾಲಯದಿಂದ ಬಂದವರು ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತು ಸುದ್ದಿ ಹೇಳಿದರು. ನಾಳೆಯ ಕೂಟದಲ್ಲಿ ಆಯಾಳಿಗೆ ಬೇರೆ ಲೋಟ ಇಡಬೇಕಂತೆ. ಇಲ್ಲದಿದ್ದರೆ ಪ್ರೊಫೆಸರ್ ದಂಪತಿಗಳೂ ಅವರೊಡನೆ ವಿಶ್ವವಿದ್ಯಾಲಯದ ಬಾಗಿಲ ಬಳಿಯ ಲಂಕಾ ಬಡಾವಣೆಯಿಂದ ಬರುವ ಕನ್ನಡದ ಮನೆಯವರೂ ಇನ್ನು ನಮ್ಮ ಮೆಟ್ಟಿಲು ಹತ್ತುವುದಿಲ್ಲವಂತೆ.

ಎಪ್ಪತ್ತರ ದಶಕ. ಕಾಶಿಯ ಶಿವಾಲದಲ್ಲಿ ಒಂದು ಮಹಡಿಯ ಮೇಲಿನ ಕೋಣೆಗಳಲ್ಲಿದ್ದೆವು. ಕಂಟೋನ್ಮೆಂಟಿನ ಕಡೆ ಚರ್ಚಿಗೆ ಹೋಗುತ್ತಿದ್ದದ್ದೂ ಉಂಟು. ಏಳು, ಕೂರು, ಪುಸ್ತಕ ನೋಡಿ ಓದು, ರಿಕ್ಷಾ ಹತ್ತು. ಪಕ್ಕದ ಬೆಂಚಿನವಳ ಮಗುವಿಗೆ ಜ್ವರ ಬಂದರೂ ನಮಗೆ ತಿಳಿಯದು. ಅದಕ್ಕೇ ಭಾನುವಾರ ಸಂಜೆ ನಮ್ಮ ಮುಂಗೋಣೆಯಲ್ಲಿ ಚಾಪೆ ಹಾಸತೊಡಗಿದೆ. ಪಾದ್ರಿಯಿಲ್ಲ, ನಿಲುವಂಗಿಯಿಲ್ಲ. ಬಾಯಿಗೆ ಬಂದ ಭಾಷೆಯಲ್ಲಿ ಪ್ರಾರ್ಥನೆ. ಕೊನೆಗೆ ಒಂದು ರೊಟ್ಟಿ ಮುರಿದು ಹಂಚಿ, ಒಣದ್ರಾಕ್ಷಿ ನೆನೆಸಿ ಹಿಂಡಿದ ರಸವನ್ನು ಒಂದೇ ಸ್ಟೀಲ್ ಲೋಟದಲ್ಲಿ ಕೈಯಿಂದ ಕೈಗೆ ದಾಟಿಸುತ್ತಿದ್ದೆವು. ಕರ್ತನ ನೆನಪಿಗೆ ಅಷ್ಟು ಸಾಕು ಎಂದು ಎಲ್ಲರೂ ಒಪ್ಪಿದ್ದರು.

ಆಯಾ ಬರುವವರೆಗೆ ಒಪ್ಪಿದ್ದರು. ಅವಳು ಆಸ್ಪತ್ರೆಯ ವಾರ್ಡಿನಲ್ಲಿ ಮಲಮೂತ್ರದ ಪಾತ್ರೆ ತೊಳೆಯುವವಳು, ಈ ಊರಿನವಳೇ. ಅವಳ ಕೈ ದಾಟಿ ಬಂದ ಲೋಟವನ್ನು ನಮ್ಮವರು ತಲೆ ಹಿಂದಕ್ಕೆ ಬಾಗಿಸಿ, ತುಟಿಗೆ ತಾಗಿಸದೆ, ಎತ್ತಿ ಬಾಯಿಗೆ ಸುರಿದುಕೊಳ್ಳತೊಡಗಿದರು. ಅಜ್ಜಿಯರು ಕಲಿಸಿದ ಅಭ್ಯಾಸ. ದೀಕ್ಷಾಸ್ನಾನವಾಗಿ ತಲೆಮಾರುಗಳು ಕಳೆದಿದ್ದರೂ ಆ ನೀರು ಗಂಟಲವರೆಗೆ ಇಳಿದಿರಲಿಲ್ಲ. ತುಟಿ ಹಚ್ಚಿ ಕುಡಿಯುತ್ತಿದ್ದವರು ನಾನು ಮತ್ತು ಕೇರಳದ ಒಬ್ಬ ನರ್ಸ್ ಮಾತ್ರ. ನಮ್ಮ ಯಜಮಾನರೂ ಎತ್ತಿಯೇ ಕುಡಿಯುವವರು. ಈಗ ಎತ್ತಿ ಕುಡಿದದ್ದೂ ಸಾಲದೆ ಲೋಟವೇ ಬೇರೆಯಾಗಬೇಕಿತ್ತು.

"ಎರಡು ಲೋಟ ಇಟ್ಟರೆ ಗಂಟೇನು ಹೋಗುತ್ತೆ?" ಎಂದರು ಯಜಮಾನರು. ಆ ಪ್ರೊಫೆಸರರ ಲ್ಯಾಬಿನಲ್ಲೇ ಅವರ ಕೆಲಸ. ಇಟ್ಟರೆ ಹೋಗುವುದೇನು, ಇಡದಿದ್ದರೆ ಹೋಗುವುದೇನು ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಬಸಿದ ಪಾತ್ರೆಯನ್ನು ನೆಟ್ಟಗೆ ಮಾಡಿದೆ.

ಭಾನುವಾರ ಎಲ್ಲರೂ ಬಂದರು, ನಾನು ಏನು ಮಾಡುತ್ತೇನೆಂದು ನೋಡಲು. ಕೆಳಗೆ ಮನೆಯೊಡತಿ ಎಂದಿನಂತೆ ಮೆಟ್ಟಿಲ ಬುಡದಲ್ಲಿ ಕೂತು, ಸಂಡಾಸಿನ ಕೈ ತನ್ನ ಗೋಡೆಗೆ ತಾಗಕೂಡದೆಂದು ಆಯಾಳಿಗೆ ಕೇಳುವಂತೆ ಗೊಣಗಿದಳು. ಆಯಾ ಎರಡೂ ಕೈಗಳನ್ನು ಎದೆಗೆ ಅವುಚಿಕೊಂಡು ಆ ಕಡಿದಾದ ಮೆಟ್ಟಿಲು ಹತ್ತಿ ಬಂದಳು. ಎಡವಲಿಲ್ಲ. ನಾನು ಅಷ್ಟಕ್ಕೇ ಕರ್ತನಿಗೆ ಸ್ತೋತ್ರ ಹೇಳಿದೆ.

ರೊಟ್ಟಿಯ ಪಕ್ಕದಲ್ಲಿ ಒಂದೇ ಲೋಟ ಕಂಡು ಪ್ರೊಫೆಸರರ ಹೆಂಡತಿ ಕನ್ನಡದಲ್ಲಿ, ಆಯಾಳಿಗೆ ತಿಳಿಯದೆಂಬ ಧೈರ್ಯದಲ್ಲಿ, "ಹೇಳಿ ಕಳಿಸಿದ್ವಲ್ಲ ಅಕ್ಕ. ಪ್ರೀತಿ ಬೇರೆ, ಎಂಜಲು ಬೇರೆ," ಎಂದರು.

ಮುಖ ಓದಲು ಆಯಾಳಿಗೆ ಕನ್ನಡ ಬೇಕಿರಲಿಲ್ಲ. ಅವಳು ಸೆರಗಿನ ಗಂಟು ಬಿಚ್ಚಿ, ತಗ್ಗುಬಿದ್ದ ಅಲ್ಯೂಮಿನಿಯಂ ಲೋಟವೊಂದನ್ನು ಚಾಪೆಯ ಮೇಲಿಟ್ಟಳು. "ಹಮ್ ಆಪನ್ ಗಿಲಾಸ್ ಲೇ ಆಯಿಲ್ ಬಾನಿ, ದೀದಿ." ತನ್ನ ಲೋಟವನ್ನು ತಾನೇ ತಂದಿದ್ದಳು. ಯಾರೂ ಅವಳಿಗೆ ಹೇಳಿರಲಿಲ್ಲ. ಇಷ್ಟು ವಾರಗಳಿಂದ ಮೇಲೇರುವ ಗದ್ದಗಳನ್ನು ನೋಡಿಯೇ ತಂದಿದ್ದಳು.

"ನೋಡಿ, ಅವಳಿಗಿರೋ ತಿಳುವಳಿಕೆ ನಿಮಗಿಲ್ಲ," ಎಂದು ಪ್ರೊಫೆಸರರ ಹೆಂಡತಿ ನಕ್ಕರು.

ಸ್ಟೀಲ್ ಲೋಟದಲ್ಲಿದ್ದ ರಸವನ್ನು ಒಂದು ಹನಿಯೂ ಉಳಿಯದಂತೆ ಆ ಅಲ್ಯೂಮಿನಿಯಂ ಲೋಟಕ್ಕೆ ಬಗ್ಗಿಸಿದೆ. "ಇನ್ನು ಮೇಲೆ ಎಲ್ಲರಿಗೂ ಇದೇ ಲೋಟ," ಎಂದೆ.

ಆಕೆ ಎದ್ದರು. ಪ್ರೊಫೆಸರ್ ಎದ್ದರು. ಅವರ ಹಿಂದೆ ಲಂಕಾದವರೆಲ್ಲ. ಹೋಗುವಾಗ ಪ್ರೊಫೆಸರ್ ನಮ್ಮ ಯಜಮಾನರ ಕಡೆ ತಿರುಗಿ, ನಾಳೆ ಬೆಳಿಗ್ಗೆ ತಮ್ಮ ಕೋಣೆಗೆ ಬಂದು ಕಾಣುವಂತೆ ಹೇಳಿದರು. ಕೆಳಗಿನಿಂದ ಮನೆಯೊಡತಿ, "ಏನಮ್ಮ, ನಿಮ್ಮ ದೇವರು ಮನೆ ಖಾಲಿ ಮಾಡಿದನೇ?" ಎಂದು ಹಿಂದಿಯಲ್ಲಿ ಕೂಗಿದಳು.

ಚಾಪೆಯ ಮೇಲೆ ನಾಲ್ವರು ಉಳಿದೆವು. ರೊಟ್ಟಿ ಮುರಿದು ಹಂಚಿಕೊಂಡೆವು. ಲೋಟ ಮೊದಲು ಆಯಾಳಿಗೆ. ಅವಳಿಂದ ನರ್ಸಿಗೆ, ನರ್ಸಿನಿಂದ ನನಗೆ. ನಾನು ಕುಡಿದು ಯಜಮಾನರಿಗೆ ಕೊಟ್ಟೆ. ಆಯಾ ಅವರ ಗದ್ದವನ್ನೇ ನೋಡುತ್ತಿದ್ದಳು. ಅವರ ತಲೆ ಅಭ್ಯಾಸಬಲದಿಂದ ಸ್ವಲ್ಪ ಹಿಂದಕ್ಕೆ ವಾಲಿತು, ನಿಂತಿತು, ಮುಂದಕ್ಕೆ ಬಂತು. ತುಟಿ ಹಚ್ಚಿ ಕುಡಿದರು. ಒಂದು ಗುಟುಕಲ್ಲ, ಉಳಿದದ್ದಷ್ಟನ್ನೂ.

ಲಂಕಾದವರು ಮತ್ತೆ ಬರಲಿಲ್ಲ. ಆ ರಾತ್ರಿ ಅದು ಗೊತ್ತಿರಲಿಲ್ಲ. ಬೆಳಿಗ್ಗೆ ನಮ್ಮ ಯಜಮಾನರು ಪ್ರೊಫೆಸರರ ಕೋಣೆಯಲ್ಲಿ ನಿಲ್ಲಬೇಕೆಂಬುದಷ್ಟೇ ಗೊತ್ತಿತ್ತು. ಚಾಪೆ ಸುತ್ತಿಟ್ಟು ಒಳಗೆ ಹೋದೆ. ಚಳಿಗಾಲವಾದ್ದರಿಂದ ನಿನ್ನೆಯ ಗಂಜಿ ಹುಳಿತಿರಲಿಲ್ಲ, ಅದೂ ಒಂದು ಕೃಪೆ. ನೀರು ಬೆರೆಸಿ, ಗಂಟುಗಳನ್ನು ಬೆರಳಲ್ಲಿ ಒಡೆದು, ಇವರ ಬಿಳಿ ಅಂಗಿಯನ್ನು ಅದರಲ್ಲಿ ಅದ್ದಿದೆ.