ಬೋಟಿನ ಮೈಮೇಲಿನ ಚೌಕದ ಅಕ್ಷರ

ಬೆಳಗಿನ ಚಹಾ ಕುಡಿಯುವ ಮೊದಲು ಭಾಸ್ಕರಣ್ಣ ಕಾಸರಕೋಡಿನ ದಕ್ಕೆಗೆ ಹೋಗಿ, ದೂರದಲ್ಲಿ ಕಟ್ಟಿದ ಬೋಟುಗಳ ಹೆಸರನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಾರೆ. ಜ್ವರವಿದ್ದರೂ, ಮಳೆ ಹೊಡೆದರೂ ಬಿಡುವುದಿಲ್ಲ. ಮಗಳ ಮದುವೆಯ ದಿನವೂ ಓದಿಕೊಂಡೇ ಮಂಟಪಕ್ಕೆ ಹೋದವರು. ಯಾವ ಹೆಸರು ಓದುವಾಗ ತಡವರಿಸುತ್ತಾರೋ, ಆ ಬೋಟಿಗೆ ಆ ವರ್ಷ ಹೊಸ ಬಣ್ಣ ಬೇಕು ಎಂದರ್ಥ.

ಹುಟ್ಟಿದ್ದು ಮಂಕಿಯಲ್ಲಿ. ಓದಿದ್ದು ಮೂರನೇ ಇಯತ್ತೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಬಲೆ ಎಳೆಯುವ ಹಗ್ಗಕ್ಕೆ ಸಿಕ್ಕಿ ಎಡಗೈಯ ಎರಡು ಬೆರಳು ಹೋದವು. ಆಮೇಲೆ ದಡದಲ್ಲೇ ಉಳಿದು ಬೋಟುಗಳಿಗೆ ಬಣ್ಣ ಬಳಿಯತೊಡಗಿದರು. ಒಂದು ಸಲ ಹೆಸರು ಬರೆಯುವವನು ಬರಲಿಲ್ಲ. ಬೋಟಿನ ಮಾಲೀಕರು, ನೀನೇ ಬರಿ ಎಂದರು. ದುಂಡಗೆ ಬರೆಯಲು ಕೈಗೆ ಅಭ್ಯಾಸವಿರಲಿಲ್ಲ. ನಾಲ್ಕು ಬೆರಳಗಲದ ಹಲಗೆಯ ತುಂಡೊಂದನ್ನು ಹಿಡಿದು, ಗೆರೆಯ ದಪ್ಪ ಒಂದು ಹಲಗೆ, ಅಕ್ಷರದ ಎತ್ತರ ಐದು ಹಲಗೆ ಎಂದು ಅಳೆದು, ಬಾಗುವ ಕಡೆ ಮೂಲೆ ಕತ್ತರಿಸಿ, ಇಟ್ಟಿಗೆ ಜೋಡಿಸಿದ ಹಾಗೆ ಕನ್ನಡ ಬರೆದರು. ಆ ಬೋಟಿನ ಹೆಸರು ಅಳಿವೆಯ ಬಾಯಿಂದಲೇ ಕಾಣಿಸಿತಂತೆ.

"ದುಂಡಕ್ಷರ ಪುಸ್ತಕಕ್ಕೆ ಚಂದ. ನೀರ ಮೇಲೆ ದೂರದಿಂದ ನೋಡಿದ್ರೆ ಎಲ್ಲಾ ಇಡ್ಲಿ ಸಾಲು," ಎಂದು ಅವರು ಈಗಲೂ ಹೇಳುತ್ತಾರೆ.

ಈಚೆಗೆ ಕುಮಟೆಯ ಕಡೆಯಿಂದ ಬೋಟಿನ ಹೆಸರಿನ ಸ್ಟಿಕರ್ ಬರುತ್ತಿದೆ. ಬಣ್ಣ ಬಣ್ಣದ್ದು, ಅರ್ಧ ದಿನದ ಕೆಲಸ. ಹೋದ ಮಳೆಗಾಲದಲ್ಲಿ ಭಾಸ್ಕರಣ್ಣನ ಕೈಗೆ ಬಂದದ್ದು ದಿನೇಶನ ಬೋಟು, ದೇವಿಯ ಹೆಸರಿನ 'ಮಹಾಸತಿ' ಒಂದೇ. ಇನ್ನಿಬ್ಬರು ಮಾಲೀಕರು, "ಮಹಾಸತಿ ನೀರಿಗಿಳೀಲಿ, ನೋಡಿ ಹೇಳ್ತೇವೆ," ಎಂದಿದ್ದರು. ಅವರೂ ಸ್ಟಿಕರಿಗೆ ಹೋದರೆ ತನ್ನ ಕೆಲಸ ಮುಗಿದ ಹಾಗೆ ಎಂದು ಭಾಸ್ಕರಣ್ಣನಿಗೆ ಗೊತ್ತಿತ್ತು. ಹೆಂಡತಿ ಮಾಸ್ತಮ್ಮ ದೇವರ ಮುಂದೆ ಹರಕೆಯ ಕಾಯಿಯೊಂದನ್ನು ತೆಗೆದಿಟ್ಟಿದ್ದಳು.

ಬೋಟಿಗೆ ಹೆಸರು ಬರೆಯುವವನು ಮೊದಲು ನೋಡಬೇಕಾದದ್ದು ನೀರಿನ ಗೆರೆ. ಐಸು, ಡೀಸೆಲ್ ತುಂಬಿದ ಬೋಟು ಎಷ್ಟು ಮುಳುಗುತ್ತದೆ ಎಂಬುದು ಅದರ ಹೊಟ್ಟೆಯ ಮೇಲೆ ಪಾಚಿಯ ಗೆರೆಯಾಗಿ ಕೂತಿರುತ್ತದೆ. ತಳಕ್ಕೆ ಬಣ್ಣ ಬಳಿಯುವ ಮೊದಲು ಭಾಸ್ಕರಣ್ಣ ಅದರ ಮೇಲೊಂದು ಮೊಳೆ ಗೀರು ಹಾಕಿಡುತ್ತಿದ್ದರು. ಆ ಸಲ ಅವರು ಬರುವಷ್ಟರಲ್ಲಿ ತಳದ ಬಣ್ಣ ಮುಗಿದಿತ್ತು. ಹತ್ತು ವರ್ಷದಿಂದ ಬರೆದ ಬೋಟು ತಾನೇ ಎಂದು ನೆನಪಿನ ಮೇಲೆ ಬರೆದರು. ಅದರ ಹಿಂದಿನ ಚಳಿಗಾಲದಲ್ಲಿ ದಿನೇಶ ಐಸಿನ ಕೋಣೆ ದೊಡ್ಡದು ಮಾಡಿಸಿದ್ದ. ಇವರು ಕೇಳಲಿಲ್ಲ.

ಮೀನುಗಾರಿಕೆಯ ನಿಷೇಧ ಮುಗಿಯುವ ಹಿಂದಿನ ದಿನ ಬೆಳಿಗ್ಗೆ, ನೀರಿಗಿಳಿಸಿದ ಮಹಾಸತಿಗೆ ಐಸು ತುಂಬಿದರು. ಬೋಟು ಇಳಿಯಿತು, ಇನ್ನೂ ಇಳಿಯಿತು. ಅಕ್ಷರಗಳ ಕೆಳಗಿನ ಎರಡು ಹಲಗೆಯಷ್ಟು ಭಾಗ ನೀರಿನೊಳಗೆ ಹೋಯಿತು.

ಮೀನು ಮಾರುವ ಸುಬ್ಬಿ ಬುಟ್ಟಿ ಕೆಳಗಿಟ್ಟು ಕೂಗಿದಳು: "ಭಾಸ್ಕರಣ್ಣಾ, ದೇವಿಗೆ ಮೊಣಕಾಲಮಟ ನೀರು ಬಂತಲ್ಲ! ಸೀರೆ ಎತ್ತಿ ಹಿಡೀಲಿಕ್ಕೆ ಯಾರಿದ್ದಾರೆ?"

ದಕ್ಕೆಯ ಹೆಂಗಸರೆಲ್ಲ ನಕ್ಕರು. ಭಾಸ್ಕರಣ್ಣ ನಗಲಿಲ್ಲ. ನೀರಿನತ್ತ ಕೈ ಮುಗಿದು, "ತಪ್ಪಾತು ತಾಯಿ," ಎಂದರು. ಆಮೇಲೆ ದಿನೇಶನ ಕಡೆ ತಿರುಗಿದರು.

"ಐಸು ಒಂದು ಬದಿಗೆ ಸರಿಸು. ಬೋಟು ವಾಲಲಿ."

"ಎಂತಕ್ಕೆ?"

"ಈ ಬದಿ ಮೇಲೆ ಬತ್ತದೆ. ಅಳಿಸಿ ಮೇಲೆ ಬರೀತೆ. ಆಮೇಲೆ ಆ ಬದಿ."

"ಮಳೆ ಬತ್ತಾ ಉಂಟು ಮಾರಾಯ. ನಾಳೆ ಬೆಳಗಾದ್ರೆ ಹೊರಡೂದು."

"ಹಂಗಾರೆ ಮಾತಾಡ್ತಾ ನಿಲ್ಬೇಡ."

ಆಳುಗಳು ಗೊಣಗುತ್ತಲೇ ಐಸು, ಬಲೆ ಎಲ್ಲ ಒಂದು ಮಗ್ಗುಲಿಗೆ ಸರಿಸಿದರು. ಭಾಸ್ಕರಣ್ಣ ಸಣ್ಣ ದೋಣಿಯೊಂದನ್ನು ಬೋಟಿಗೆ ಆನಿಸಿ ನಿಂತರು. ಹಳೆಯ ಅಕ್ಷರವನ್ನು ಒಣಬಟ್ಟೆಯಿಂದ ಒರೆಸಿ, ನೀಲಿ ಬಳಿದು ಮುಚ್ಚಿದರು. ಐದು ಹಲಗೆ ಮೇಲೆ ಹೊಸ ಗೆರೆ ಎಳೆದರು. ಮಳೆ ಬಂದಾಗ ಇಬ್ಬರು ತಾಡಪಾಲು ಹಿಡಿದರು. ದೋಣಿ ಅಲುಗಿದಾಗ ಅವರು ಕುಂಚ ಎತ್ತಿ ಕಾಯುತ್ತಿದ್ದರು, ನಿಂತಮೇಲೆ ಇಡುತ್ತಿದ್ದರು. ಸಂಜೆ ಆರಕ್ಕೆ ಎರಡೂ ಬದಿ ಮುಗಿಯಿತು. 'ಹಾ'ದ ಒಂದು ಮೂಲೆ ಮಳೆಗೆ ಸ್ವಲ್ಪ ಇಳಿದಿತ್ತು. ಉಳಿದದ್ದು ಸರಿಯಾಗಿತ್ತು. ಐಸನ್ನು ಸಮ ಮಾಡಿದಾಗ ಮಹಾಸತಿ ನೀರಿನಿಂದ ಒಂದು ಗೇಣು ಮೇಲೆ ನಿಂತಳು.

ಅಷ್ಟರಲ್ಲಿ ಆ ಇಬ್ಬರು ಮಾಲೀಕರು ದಕ್ಕೆಗೆ ಬರುವುದು ಕಾಣಿಸಿತು. ಬೆಳಗಿನ ಸುದ್ದಿ ಅವರಿಗೂ ಮುಟ್ಟಿತ್ತು. ದಿನೇಶ ಭಾಸ್ಕರಣ್ಣನ ಹತ್ತಿರ ಬಂದು ದನಿ ತಗ್ಗಿಸಿದ.

"ಭಾಸ್ಕರಣ್ಣ, ನೀ ಸುಮ್ನಿರು. ಐಸು ಲೆಕ್ಕಕ್ಕಿಂತ ಜಾಸ್ತಿ ತುಂಬಿದ್ದು ನಮ್ಮ ಹುಡುಗ್ರು, ಅದ್ಕೇ ಮುಳುಗಿತ್ತು ಹೇಳ್ತೆ. ಅವ್ರು ನಂಬ್ತಾರೆ. ನಿನ್ನ ಕೆಲ್ಸ ಉಳೀತದೆ."

ಭಾಸ್ಕರಣ್ಣ ಸೀಮೆಎಣ್ಣೆಯಲ್ಲಿ ಕುಂಚ ಅದ್ದಿ ಅದ್ದಿ ತೊಳೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಬೇಡ ತಮ್ಮ," ಎಂದರು. "ನೀರಿನ ಗೆರೆ ಕೇಳದೆ ಬರ್ದವ ನಾನು. ಹಂಗೇ ಹೇಳು. ಇಲ್ಲಾ, ನಾನೇ ಹೇಳ್ತೆ."