ಹಳದಿ ಎಲ್ಲಿಂದ ಹೋಗುತ್ತದೆ?

ಈ ಸಲದ ಆಯುಧಪೂಜೆಗೆ ನಮ್ಮ ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಯಾರೋ ಲೋಬಾನದ ಧೂಪ ಹಾಕಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಯಾದಗಿರಿಯಲ್ಲಿ ನಿಂತಿದ್ದ ನಾನು ಶಹಾಪುರದಲ್ಲಿ ಓದಿದ ಕಾಲೇಜಿನ ಲ್ಯಾಬಿಗೆ ಹೋಗಿಬಿಟ್ಟೆ. ಅಲ್ಲಿ ನಮ್ಮ ಕೆಮಿಸ್ಟ್ರಿ ಸರ್ ಇದ್ದರು...

ಸರ್ ಭೀಮರಾಯನಗುಡಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಅರ್ಧ ಪಾಠ ಬಸ್ಸಿನಿಂದಲೇ ಇಳಿದು ಬರುತ್ತಿತ್ತು. ನಮ್ಮ ಪುಸ್ತಕದಲ್ಲಿ ಒಂದು ಸಣ್ಣ ಪ್ಯಾರಾ ಇತ್ತು: ಪಲ್ಲಾಡಿಯಂ ಲೋಹದ ಹಳದಿ ಸಂಯುಕ್ತದ ದ್ರಾವಣಕ್ಕೆ ಅಯೊಡೋಬೆಂಜೀನ್ ಎಂಬ ದ್ರವ ಬೆರೆಸಿದರೆ, ಲೋಹವು ಅದರೊಳಗಿನ ಕಾರ್ಬನ್ ಮತ್ತು ಅಯೊಡಿನ್‌ಗಳ ನಡುವೆ ನುಗ್ಗಿ, ಅವುಗಳ ಬಂಧ ಮುರಿದು, ಎರಡನ್ನೂ ತಾನೇ ಹಿಡಿದುಕೊಳ್ಳುತ್ತದೆ. ಹಳದಿ ಮಾಸಿ ತಿಳಿಯಾಗುತ್ತದೆ. ನಮಗದು ಪರೀಕ್ಷೆಯಲ್ಲಿ ಬಂದರೂ ಬರಬಹುದಾದ ಸಣ್ಣ ಪ್ರಶ್ನೆ. ಸರ್‌ಗೆ ಮಾತ್ರ ಅದೊಂದು ಹುಚ್ಚು.

“ಗುರುಮಠಕಲ್ ಬಸ್ಸಿನಾಗ ಗಂಡ-ಹೆಂಡ್ತಿ ಕುಂತಿರ್ತಾರ. ಒಬ್ಬಾಕಿ ಮುದುಕಿ ಬಂದು ‘ಸರೀರಿ ಜರಾ’ ಅಂತ ನಡುವ ಕುಂತು, ಇಬ್ಬರ ಕೈನೂ ಹಿಡ್ಕೊಂಡು ಮಾತಾಡಾಕತ್ತಿದ್ರ? ಆ ಮುದುಕೀನೇ ಪಲ್ಲಾಡಿಯಂ ನೋಡ್ರಿ!” ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಅವರು ನಗುತ್ತಿರಲಿಲ್ಲ. “ನೌಕರಿ ತುಂಬಾ ಇದನ್ನ ಪಾಠ ಮಾಡೀನಿ. ಒಮ್ಮಿನೂ ಕಣ್ಣಾರೆ ನೋಡಿಲ್ಲ.”

ನಿವೃತ್ತಿ ಹತ್ತಿರ ಬಂದಿತ್ತು. ಅಷ್ಟರೊಳಗೆ ನೋಡಲೇಬೇಕೆಂದು ಹಟ ಹಿಡಿದ ಸರ್, ಹೈದರಾಬಾದಿನಲ್ಲಿದ್ದ ಗೆಳೆಯರ ಬೆನ್ನು ಬಿದ್ದು ಚಿಟಿಕೆಯಷ್ಟು ಹಳದಿ ಪುಡಿ ತಂದರು. ಗಾಳಿ ಸೋಕಿದರೆ ಅದು ಕೆಡುತ್ತದೆ. ಅದಕ್ಕೇ ನೈಟ್ರೋಜನ್ ತುಂಬಿದ ಪುಟ್ಟ ಸೀಸೆ, ಬಿರಡೆ, ಮೇಲೆ ಸುತ್ತಿದ ಟೇಪು. ಐಸು ತುಂಬಿದ ಥರ್ಮಾಸಿನಲ್ಲಿಟ್ಟು, ಹಸುಗೂಸನ್ನು ತಂದ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದಿದ್ದರು. ದಸರಾ ರಜೆಗೆ ಮುಂಚಿನ ದಿನ ಲ್ಯಾಬಿನ ಪೂಜೆ, ಪೂಜೆಯಾದ ಮೇಲೆ ಪ್ರಯೋಗ ಎಂದು ನಿಶ್ಚಯವಾಯಿತು.

ಆ ದಿನ ನಾವೆಲ್ಲ ಹೊಸ ಬಟ್ಟೆಯಲ್ಲಿ ಹೋದೆವು. ಲೋಬಾನದ ಹೊಗೆಗೆ ಲ್ಯಾಬ್ ಘಮಘಮ ಎನ್ನುತ್ತಿತ್ತು. ಮೇಜಿನ ಮೇಲೆ ಸೀಸೆಗಳ ಸಾಲು, ಪ್ರತಿಯೊಂದಕ್ಕೂ ವಿಭೂತಿ, ಚೆಂಡುಹೂ. ಎಲ್ಲದರ ಮುಚ್ಚಳ ತೆಗೆದಿತ್ತು. ನಡುವೆ ಸರ್ ತಂದ ಪುಟ್ಟ ಸೀಸೆ, ಅದರ ಬಿರಡೆಯೂ ಪಕ್ಕದಲ್ಲಿ... ಒಳಗಿದ್ದ ಪುಡಿ ಹಳದಿ ಬಿಟ್ಟು ಹಸಿರು ಮಿಶ್ರಿತ ಕಂದಾಗಿತ್ತು.

ನಮ್ಮ ಲ್ಯಾಬಿನ ಅಟೆಂಡರ್ ಅಕ್ಕ ಸುರಪುರದ ಕಡೆಯವರು. ಅವರ ಮನೆಯಲ್ಲಿ ಪೂಜೆಯ ಹಿಂದಿನ ಸಂಜೆಯೇ ಟ್ರಂಕು, ಕಾಳಿನ ಡಬ್ಬಿ ಎಲ್ಲದರ ಮುಚ್ಚಳ ತೆಗೆದಿಡುವ ಪದ್ಧತಿ. ಲ್ಯಾಬಿನಲ್ಲೂ ಹಾಗೇ ಮಾಡಿದ್ದರು. ಸರ್ ಫ್ರಿಜ್ಜಿನಲ್ಲಿಟ್ಟಿದ್ದ ಸೀಸೆ ಒಂದೇ ಯಾಕೆ ಪೂಜೆ ತಪ್ಪಿಸಿಕೊಳ್ಳಬೇಕು? ಆ್ಯಸಿಡ್ ಬಾಟಲಿಗಳನ್ನು ಮಾತ್ರ ಅವರು ಮುಟ್ಟಿರಲಿಲ್ಲ, ದೇವಿಯ ಕಾಲು ಸುಟ್ಟೀತೆಂಬ ಕಾಳಜಿ.

ಸರ್ ಮುಖ ನೋಡಿ ಅಕ್ಕ ಗಾಬರಿಯಾದರು. “ಏನಾರ ತಪ್ಪಾತೇನ್ರಿ ಸರ? ಲಕ್ಷ್ಮಿ ಒಳಗ ಬರಾಕ ಮುಚ್ಚಳ ತೆಗಿಬೇಕಲ್ರಿ.”

“ಲಕ್ಷ್ಮಿಗಿಂತ ಮೊದ್ಲ ಗಾಳಿ ಬಂದದವ್ವ,” ಎಂದರು ಸರ್. ಆಮೇಲೆ ನಮ್ಮ ಕಡೆ ತಿರುಗಿ, “ಹಾಕಿ ನೋಡೋಣು ಬರ್ರಿ. ಏನಾಗ್ತದ ಯಾರಿಗೆ ಗೊತ್ತು?”

ಪುಡಿಯನ್ನು ಫ್ಲಾಸ್ಕಿನಲ್ಲಿ ಕರಗಿಸಿ ಅಯೊಡೋಬೆಂಜೀನ್ ಹಾಕಿದರು. ಏನೂ ಆಗಲಿಲ್ಲ. ಮಧ್ಯಾಹ್ನದ ಊಟ ಬಿಟ್ಟು ಕಾಯ್ದೆವು, ಕಂದು ಕಂದಾಗಿಯೇ ಉಳಿಯಿತು. ಅಕ್ಕನಿಗೆ ಸರ್ ಒಂದು ಮಾತೂ ಬಯ್ಯಲಿಲ್ಲ. ಆದರೆ ಫ್ಲಾಸ್ಕನ್ನು ಯಾರ ಕೈಗೂ ಕೊಡದೆ ತಾವೇ ನಲ್ಲಿಯ ಕೆಳಗೆ ಹಿಡಿದು ತೊಳೆಯುತ್ತ ನಿಂತರು... ನನಗೆ ಅಳು ಬಂದಿತ್ತು. ರಜೆ ಮುಗಿದ ಮೇಲೆ ಸರ್ ನಿವೃತ್ತರಾದರು. ಮತ್ತೆ ಪುಡಿ ಎಲ್ಲಿಂದ ತರುವುದು?

ನನಗೆ ನೌಕರಿ ಸಿಕ್ಕಿ, ತರಬೇತಿಯಲ್ಲಿ ಮೊದಲ ಸಲ ಆ ಹಳದಿ ಮಾಸಿದ್ದನ್ನು ಕಂಡ ದಿನ ಸರ್‌ಗೆ ಫೋನ್ ಮಾಡಿದೆ. ಅವರು ಸಣ್ಣ ಹುಡುಗರಂತೆ ಕೇಳಿದರು: “ಹಳದಿ ಬುಡದಿಂದ ಹೋಗ್ತದೋ, ಮ್ಯಾಲಿಂದೋ?”

“ಗೊತ್ತಾಗಲಿಲ್ರಿ ಸರ. ಇಲ್ಲಿ ಮಶೀನು ಕಲಕ್ತಿರ್ತದ. ಎಲ್ಲಾ ಕಡಿ ಒಮ್ಮೆಲೇ ಹೋಗ್ತದ.”

“ಕಲಕದ ಬಿಟ್ಟು ನೋಡವ್ವ ಒಮ್ಮೆ. ನನಗ ಹೇಳು.”

ಆದರೆ ಮುಂದೆ ನನ್ನನ್ನು ಹಾಕಿದ್ದು ದೊಡ್ಡ ಉಕ್ಕಿನ ಪಾತ್ರೆಗಳ ವಿಭಾಗಕ್ಕೆ, ಅಲ್ಲಿ ಒಳಗೇನೂ ಕಾಣುತ್ತಿರಲಿಲ್ಲ. ಫೋನ್ ಮಾಡಿದಾಗಲೆಲ್ಲ ಸರ್ ಕೇಳುವುದು ಬಿಡಲಿಲ್ಲ. ಹೋದ ಬೇಸಿಗೆಯಲ್ಲಿ ಸರ್ ತೀರಿಕೊಂಡರು. ಅದಾದ ಮೇಲೆ ನನ್ನನ್ನು ಮತ್ತೆ ಗಾಜಿನ ಫ್ಲಾಸ್ಕುಗಳ ಲ್ಯಾಬಿಗೆ ಹಾಕಿದರು.

ಈ ಸಲದ ದಸರಾ ಮುಗಿದು ಕೆಲಸಕ್ಕೆ ಮರಳಿದ ದಿನ ಕಲಕುವ ಮಶೀನನ್ನು ಬೇಕೆಂದೇ ಹಚ್ಚಲಿಲ್ಲ. ಫ್ಲಾಸ್ಕಿನ ಹಳದಿ ದ್ರಾವಣಕ್ಕೆ ಅಯೊಡೋಬೆಂಜೀನನ್ನು ಮೆಲ್ಲಗೆ ಬಿಟ್ಟು, ಗಾಜಿಗೆ ಮುಖ ಹತ್ತಿರ ತಂದು ಕೂತೆ. ಅಯೊಡೋಬೆಂಜೀನ್ ಭಾರ, ಸೀದಾ ತಳಕ್ಕಿಳಿಯಿತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ತಳದಲ್ಲಿ ತೆಳ್ಳಗೊಂದು ಪದರ ತಿಳಿಯಾಯಿತು, ನಿಧಾನವಾಗಿ ಮೇಲೇರಿತು.

ಬುಡದಿಂದ ಹೋಗ್ತದ್ರಿ ಸರ.